ಮೊರಿತಾ-ಸಾನ್ ಹೊತ್ತು ತಂದ ಗೆರೆಗಳು

ಇವತ್ತು ಬೆಳಿಗ್ಗೆ ಪಾಲಕ್ ಹುಳಿಯ ಮೊದಲ ತುತ್ತಿಗೇ ಹಲ್ಲಿನಡಿ ಮರಳು ಕರಕ್ ಎಂದಿತು. "ಚೆನ್ನಾಗೇ ತೊಳ್ದಿದೀನಿ ರೀ," ಎಂದಳು ಹೆಂಡತಿ, ನಾನು ಬಾಯಿ ತೆರೆಯುವ ಮೊದಲೇ. ನಾನೇನೂ ಆಕ್ಷೇಪಿಸಲಿಲ್ಲ. ಮರಳೇ ನನಗೆ ಅನ್ನ ಹಾಕುವುದು, ನೋಡಿ. ಆದರೆ ಆ ಕಣ ನಾಲಿಗೆಯ ಮೇಲೆ ಹೊರಳುವಾಗ ಮೊರಿತಾ-ಸಾನ್ ನೆನಪಾದರು. ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಕೂತಲ್ಲೇ ಮುಖ ಬಿಸಿಯಾಯಿತು.

ತೈಲಕ್ಕಾಗಿ ಕೊರೆದ ಬಾವಿಯೊಳಗೆ ಉಪಕರಣ ಇಳಿಬಿಟ್ಟು ಮೇಲೆಳೆದರೆ, ಆಳದ ಬಂಡೆಯ ಗುಣ ಗೆರೆಗಳಾಗಿ ಮೂಡುತ್ತದೆ. ಅದಕ್ಕೆ ಲಾಗ್ ಅನ್ನುತ್ತೇವೆ. ಎಣ್ಣೆ ನಿಲ್ಲುವುದು ಮರಳುಗಲ್ಲಿನ ಸಣ್ಣ ಸಂದುಗಳಲ್ಲಿ. ಜೇಡಿಯ ಪದರವಾದರೆ ಕೈಬಿಡಬೇಕು. ಟೋಕಿಯೋದ ಕಚೇರಿಗೆ ನಾನು ಸೇರಿದಾಗ ಆ ಗೆರೆಗಳನ್ನು ಓದಲು ಕೂರಿಸಿಕೊಂಡು ಕಲಿಸಿದವರು ಹಿರಿಯರಾದ ಮೊರಿತಾ-ಸಾನ್. ಎಲ್ಲರೂ ಪರದೆಯಲ್ಲಿ ನೋಡಿದರೆ ಅವರು ಉದ್ದನೆಯ ಕಾಗದಕ್ಕೆ ಅಚ್ಚು ಹಾಕಿಸಿ, ಮನೆಮನೆಗೆ ಸೀರೆ ತೋರಿಸಲು ಬರುವವರ ಹಾಗೆ ಮೇಜಿನಿಂದ ಮೇಜಿಗೆ ಹೊತ್ತು ತಿರುಗುವರು. "ಏನಾದ್ರೂ ವಿಚಿತ್ರ ಕಾಣ್ತಾ ಇದೆಯಾ?" ಎಂದು ಕೇಳುವರು. ಎಲ್ಲರ ಅನುಮಾನವನ್ನೂ ಮೀಟಿಂಗಿಗೆ ಮುಂಚೆಯೇ ಕೇಳಿ ಬಗೆಹರಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ಮೀಟಿಂಗ್ ಇರುವುದೇ ವಾದ ಮಾಡಲಿಕ್ಕೆ ಎಂದು ನಂಬಿದ್ದ ನನಗೆ ಇದು ಶುದ್ಧ ಕಾಲಹರಣವಾಗಿ ಕಾಣುತ್ತಿತ್ತು.

ಹೋದ ವರ್ಷ ಅವರು ಓದಿ ಗುರುತು ಹಾಕಿದ್ದ ಒಂದು ಬಾವಿಯ ಕಾಗದ ನನ್ನ ಮೇಜಿಗೂ ಬಂತು. ನಾನು ಮೇಲ್ ಟೈಪ್ ಮಾಡುತ್ತಿದ್ದೆ. ಸರಿಯಾಗಿ ನೋಡದೆಯೇ "ಚೆನ್ನಾಗಿದೆ" ಎಂದುಬಿಟ್ಟೆ. ಮರುದಿನ ಮೀಟಿಂಗಿನ ದೊಡ್ಡ ಪರದೆಯ ಮೇಲೆ ತಪ್ಪು ಕಣ್ಣಿಗೆ ಹೊಡೆಯಿತು. ಸಾಮಾನ್ಯವಾಗಿ ಜೇಡಿಯಲ್ಲಿ ಏರುವ ಗಾಮಾ ವಿಕಿರಣದ ಗೆರೆ ಒಂದು ಪದರದಲ್ಲಿ ಏರಿದ್ದರಿಂದ ಮೊರಿತಾ-ಸಾನ್ ಅದನ್ನು ಜೇಡಿ ಎಂದು ಬಿಟ್ಟಿದ್ದರು. ಪಕ್ಕದ ಸಾಂದ್ರತೆಯ ಗೆರೆ, ನ್ಯೂಟ್ರಾನ್ ಗೆರೆ ಎರಡೂ ಅದು ಮರಳು ಎನ್ನುತ್ತಿದ್ದವು. ನಾನು ಎದ್ದು ನಿಂತೆ.

"ಇದು ಜೇಡಿ ಅಲ್ಲ, ಒಳ್ಳೆ ಮರಳುಗಲ್ಲು. ಅದರೊಳಗಿನ ಪೊಟ್ಯಾಸಿಯಂನಿಂದ ಗಾಮಾ ಏರಿದೆ. ಇದು ಬೇಸಿಕ್ಸ್!"

ಆ ಕೊನೆಯ ಮಾತು ಬೇಕಿರಲಿಲ್ಲ. ಮೊರಿತಾ-ಸಾನ್ ಎದ್ದು, "ಸುಮಿಮಾಸೆನ್, ಕ್ಷಮಿಸಿ, ನನ್ನ ಕಣ್ಣು ತಪ್ಪಿತು," ಎಂದು ಸಭೆಗೆ ಬಾಗಿದರು. ಆಮೇಲೆ ನನ್ನತ್ತ ತಿರುಗಿ ಇನ್ನೂ ಆಳವಾಗಿ ಬಾಗಿದರು. ನಿನ್ನೆಯೇ ಇವನಿಗೆ ತೋರಿಸಿದ್ದೆ ಎಂದು ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. ಅವರು ಆಡಲಿಲ್ಲ. ಆ ಪದರವನ್ನು ಪರೀಕ್ಷಿಸಿದರು, ಎಣ್ಣೆ ಬಂತು, ಚಪ್ಪಾಳೆ ನನಗೆ ಬಿತ್ತು. ಅಷ್ಟು ನಾಚಿಕೆ ನನಗೆ ಪರೀಕ್ಷೆಯಲ್ಲಿ ಫೇಲಾದಾಗಲೂ ಆಗಿರಲಿಲ್ಲ.

"ಸರಿಯಾಗೇ ಹೇಳಿದ್ರಲ್ಲ, ಇನ್ನೂ ಯಾಕೆ ಕೊರಗ್ತೀರಾ?" ಎನ್ನುತ್ತಾಳೆ ಹೆಂಡತಿ. ಮೀಟಿಂಗಿನದನ್ನಷ್ಟೇ ಅವಳಿಗೆ ಹೇಳಿದ್ದೇನೆ, ಹಿಂದಿನ ದಿನದ್ದನ್ನು ನುಂಗಿಕೊಂಡಿದ್ದೇನೆ. ಆ ಮೀಟಿಂಗಿನಿಂದೀಚೆಗೆ ಮೊರಿತಾ-ಸಾನ್ ಹೊತ್ತು ತರುವ ಕಾಗದದ ಸುರುಳಿ ನನ್ನ ಮೇಜನ್ನು ದಾಟಿಯೇ ಹೋಗುತ್ತಿತ್ತು. ನನಗೆ ಬರುತ್ತಿದ್ದುದು ಫೈಲು, ಜೊತೆಗೊಂದು ಅತಿ ವಿನಯದ ಮೇಲ್. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಮಾರ್ಚಿಗೆ ಅವರು ನಿವೃತ್ತರಾಗುತ್ತಾರೆ. ಹೀಗೇ ಹೊರಟುಹೋಗುತ್ತಾರಲ್ಲ.

ಇವತ್ತು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟವನು ಕಚೇರಿಯಲ್ಲಿ ಮೊದಲು ಮಾಡಿದ ಕೆಲಸ, ನನ್ನ ಹೊಸ ಬಾವಿಯ ಗೆರೆಗಳನ್ನು ಕಾಗದಕ್ಕೆ ಅಚ್ಚು ಹಾಕಿಸಿದ್ದು. ಅದನ್ನು ಅವರ ಮೇಜಿನ ಮೇಲೆ ಹಾಸಿದೆ. ಮೊರಿತಾ-ಸಾನ್ ಏನೂ ಕೇಳದೆ ಕನ್ನಡಕ ಹಾಕಿಕೊಂಡು ಬೆರಳಿಳಿಸುತ್ತಾ ಹೋದರು. ನಾನು ಬಲು ಒಳ್ಳೆಯ ಮರಳೆಂದು ಗುರುತು ಹಾಕಿದ್ದಲ್ಲೇ ಬೆರಳು ನಿಂತಿತು. ಅಲ್ಲಿ ಬಾವಿಯ ಗೋಡೆ ಕುಸಿದು ಅಗಲವಾಗಿತ್ತು. ಉಪಕರಣ ಬಂಡೆಯ ಬದಲು ಕೆಸರುನೀರನ್ನು ಅಳೆದಿತ್ತು. ಬಾವಿಯ ಅಗಲ ತೋರಿಸುವ ಗೆರೆ ಪಕ್ಕದಲ್ಲೇ ಇದ್ದರೂ ನಾನು ನೋಡಿರಲಿಲ್ಲ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇಲ್ಲೇ ಹೇಳ್ಲಾ, ಮೀಟಿಂಗಲ್ಲಿ ಹೇಳ್ಲಾ?" ಎಂದು ಕೇಳಿ ಮೆಲ್ಲಗೆ ನಕ್ಕರು.

"ಇಲ್ಲೇ ಹೇಳಿ ಸಾರ್," ಎಂದುಬಿಟ್ಟೆ, ಕನ್ನಡದಲ್ಲೇ. ಅರ್ಥವಾಯಿತೋ ಇಲ್ಲವೋ, ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಎಳೆದರು.