ಅಂಥ ಕುರ್ಚಿ ನಮ್ಮಲ್ಲಿಲ್ಲ

ನಲವತ್ತಾರನೇ ವಯಸ್ಸಿನಲ್ಲಿ ಮೈಕಕ್ಕ ಇಂಟರ್ನ್ ಆದಳು. ಹಾಗಂದರೆ ಏನೆಂದು ಗಂಡ ಕೇಳಿದ.

"ಕೆಲಸ ಕಲಿಯೋರು ರೀ. ಮೂರು ತಿಂಗಳು ಇಟ್ಕೊಂಡು ನೋಡ್ತಾರೆ. ಸರಿಹೋದ್ರೆ ಕಾಯಂ."

"ಮದುವೆಗೂ ಇಂಥದ್ದೊಂದು ಏರ್ಪಾಡು ಇರಬೇಕಿತ್ತು ನೋಡು" ಎಂದ ಗಂಡ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು. ಅವನು ಗಡಿಯಾರ ರಿಪೇರಿ ಮಾಡುವವನು. ಜನರೆಲ್ಲ ಫೋನಿನಲ್ಲಿ ಗಂಟೆ ನೋಡತೊಡಗಿದ ಮೇಲೆ ಅವನಿಗೆ ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಮೈಕಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೊಂದು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಎಷ್ಟು ತಡ ಎಂದು ಊರಿಗೆಲ್ಲ ಕೂಗಿ ಹೇಳಿದವಳು ಅವಳು. ಒಂದು ಸಲ ಮೇಲಿನವರು ಅವಳನ್ನು ಕರೆದು, ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದ ಕೋಣೆಯಲ್ಲಿ ಒಂದು ವಾರ ಕೂರಿಸಿದರು. ಎಲ್ಲ ಊರುಗಳ ಹೆಸರು, ಒಂದರಿಂದ ಅರವತ್ತರವರೆಗಿನ ಅಂಕಿ, "ತಡವಾಗಿ ಬರಲಿದೆ", "ರದ್ದಾಗಿದೆ" ಎಲ್ಲವನ್ನೂ ಬಿಡಿಬಿಡಿಯಾಗಿ ಓದಿಸಿಕೊಂಡರು. ಅವಳೋ ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷಕ್ಕೆ ತನ್ನ ದನಿಯ ಬೆಲೆ ಇವರಿಗೆ ಗೊತ್ತಾಯಿತಲ್ಲ ಎಂದು ಬೀಗುತ್ತ ಓದಿಕೊಟ್ಟಳು. ಮುಂದಿನ ತಿಂಗಳು ಯಂತ್ರ ಆ ತುಂಡುಗಳನ್ನು ತಾನೇ ಜೋಡಿಸಿ ಹೇಳತೊಡಗಿತು. ಅವಳ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಂಡ ಅದರ ಬೆನ್ನು ಬಿಚ್ಚಿ ನೋಡಿ, "ಆರು ತಿಂಗಳು ಓಡಿದ್ರೆ ಹೆಚ್ಚು" ಎಂದ. ಐದೇ ತಿಂಗಳು ಓಡಿತು.

ಗಂಡನ ಅಂಗಡಿ ಇದ್ದದ್ದೂ ಆ ನಿಲ್ದಾಣದ ಮೆಟ್ಟಿಲ ಕೆಳಗೇ. "ಮನೇಲೂ ನೀನೇ, ಅಂಗಡೀಲೂ ನೀನೇ. ಆದ್ರೆ ಅಲ್ಲಿರೋಳು ವಾಸಿ ಕಣೇ. ಹೇಳಿದ್ದಕ್ಕೆ ಉತ್ತರ ಕೇಳಲ್ಲ" ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಆದರೆ ನಿಲ್ದಾಣದ ಹತ್ತಿರ ಹೋಗುವುದನ್ನು ಬಿಟ್ಟುಬಿಟ್ಟಿದ್ದಳು.

ಹೊಸ ಕೆಲಸ ಹಾಸಿಗೆ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ. ಅಲ್ಲಿನವರು ಕಾಪಾಡುತ್ತಿದ್ದುದು ಮಾನ. ಊರವರ ಮಾನ, ಇಂಟರ್ನೆಟ್ಟಿನಲ್ಲಿ. ಹಲ್ಲಿನ ಡಾಕ್ಟರಿಗೋ ಲಾಂಡ್ರಿಯವನಿಗೋ ಯಾರಾದರೂ ಸಿಟ್ಟಿನಿಂದ ಒಂದೇ ನಕ್ಷತ್ರ ಕೊಟ್ಟು ಬೈದು ಬರೆದರೆ, ಒಂದು ಗಂಟೆಯೊಳಗೆ ಅವರ ಪರವಾಗಿ ನಯವಾಗಿ ಉತ್ತರ ಬರೆಯಬೇಕು. ನಿಯಮ ಮೂರೇ: ತಪ್ಪು ಒಪ್ಪಿಕೊಳ್ಳಬಾರದು, ಸಿಟ್ಟಾಗಬಾರದು, ಯಾಕೆ ಹೀಗಾಯಿತು ಅನ್ನುವುದನ್ನು ಹೇಳಬಾರದು. ಇಪ್ಪತ್ತೊಂದು ವರ್ಷ ತಡವಾದ ಬಸ್ಸುಗಳ ಪರವಾಗಿ ಮೈಕಕ್ಕ ಮಾಡಿದ್ದು ಇದನ್ನೇ. ಬರೆದ ಮೊದಲ ಉತ್ತರಕ್ಕೇ ಸ್ಥಾಪಕ ಚಪ್ಪಾಳೆ ತಟ್ಟಿದ.

ಸ್ಥಾಪಕನಿಗೆ ಇಪ್ಪತ್ತೇಳು ವರ್ಷ. ಯಾರಾದರೂ ಎದುರಿಗೆ ಕೂತರೆ ಅವನು ಎದ್ದು ನಿಂತು ಮಾತಾಡುವನು, ಕಿಟಕಿಯ ಕಡೆ ನೋಡುತ್ತ, ಅಲ್ಲೊಂದು ಸಭೆಯೇ ನೆರೆದಿದೆ ಅನ್ನುವ ಹಾಗೆ. "ಸರ್ ಅನ್ಬೇಡಿ ಮೇಡಂ. ಇದು ಆಫೀಸಲ್ಲ, ಕುಟುಂಬ." ಕುಟುಂಬದಲ್ಲಿ ಅವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಇಂಟರ್ನ್‌ಗಳು.

ಮೈಕಕ್ಕನ ಪಾಲಿಗೆ ಬಂದ ಕುರ್ಚಿಗೆ ಐದರಲ್ಲಿ ಒಂದು ಚಕ್ರ ಇರಲಿಲ್ಲ. ಎಡಕ್ಕೆ ವಾಲುತ್ತಿತ್ತು. ಬಲಗಾಲನ್ನು ನೆಲಕ್ಕೆ ಒತ್ತಿ ಕೂತರೆ ಸರಿ. ಮರೆತರೆ ಮೈಯೆಲ್ಲ ಪರದೆಯ ಬಲಕ್ಕಿದ್ದ ಲಾಂಡ್ರಿಯ ಕಡೆಯಿಂದ ಎಡಕ್ಕಿದ್ದ ಹಲ್ಲಿನ ಡಾಕ್ಟರ ಕಡೆಗೆ ಜಾರುತ್ತಿತ್ತು. ಅವಳು ಹಳೆಯ ಕ್ಯಾಲೆಂಡರಿನ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟಳು. ಮೂರು ತಿಂಗಳ ಮಾತು ತಾನೇ. ಕಾಯಂ ಪತ್ರ ಇಟ್ಟುಕೊಳ್ಳಲು ನೀಲಿ ಪ್ಲಾಸ್ಟಿಕ್ ಫೈಲನ್ನು ಮೊದಲ ವಾರವೇ ಕೊಂಡಿದ್ದಳು. ಅದರೊಳಗೆ ಒಂದೇ ಒಂದು ಹಾಳೆ ಬೀಳಬೇಕು, ನೀನು ಇನ್ನೂ ಬೇಕು ಎಂದು ಯಾರಾದರೂ ಸಹಿ ಹಾಕಿ ಕೊಡಬೇಕು. ಅವಳ ಆಸೆಯೆಲ್ಲ ಇಷ್ಟೇ.

ಎರಡನೇ ತಿಂಗಳು ಸ್ಥಾಪಕ ಬಾಗಿಲು ಹಾಕಿಕೊಂಡು ಬಂದ.

"ಮೇಡಂ, ಇದೊಂದು ನಮ್ಮದೇ ಪುಟ. ಕುಟುಂಬ ಬಿಟ್ಟು ಹೋದ ಕೆಲವರು ಬಾಯಿಗೆ ಬಂದ ಹಾಗೆ ಬರೆದಿದಾರೆ. ನಿಮ್ಮ ಕೈಯಿಂದಲೇ ಉತ್ತರ ಹೋಗ್ಬೇಕು."

ಹನ್ನೊಂದು ದೂರು. ಎಲ್ಲ ಹಳೆಯ ಇಂಟರ್ನ್‌ಗಳದ್ದೇ. ಒಂದರಲ್ಲಿ ಹೀಗಿತ್ತು: "ಎಡಕ್ಕೆ ವಾಲುವ ಕುರ್ಚಿಯಲ್ಲಿ ಆರು ತಿಂಗಳು ಕೂರಿಸಿದರು. ಪತ್ರ ಇವತ್ತು ಕೊಡುತ್ತೇವೆ, ನಾಳೆ ಕೊಡುತ್ತೇವೆ ಎಂದರು. ಕೊನೆಗೆ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು."

ಮೈಕಕ್ಕನ ಬಲಗಾಲು ತಾನಾಗಿ ನೆಲವನ್ನು ಇನ್ನಷ್ಟು ಒತ್ತಿತು. ಆದರೆ ಓದುತ್ತ ಹೋದಂತೆ ಅವರ ಬರವಣಿಗೆ ತನ್ನಷ್ಟು ನಯವಾಗಿಲ್ಲ ಅನ್ನುವುದು ಕಣ್ಣಿಗೆ ಬಿತ್ತು. ಇಂಥವರನ್ನು ಯಾರು ತಾನೇ ಇಟ್ಟುಕೊಂಡಾರು? ಹೊಟ್ಟೆ ತಣ್ಣಗಾಯಿತು. ಬರೆದಳು:

"ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ. ಅಂಥ ಕುರ್ಚಿ ನಮ್ಮಲ್ಲಿಲ್ಲ. ತಾವು ಬೇರೆ ಯಾವುದೋ ಕಚೇರಿಯನ್ನು ನೆನಪಿಸಿಕೊಳ್ಳುತ್ತಿರಬಹುದು. ಎಲ್ಲೇ ಇದ್ದರೂ ತಾವು ನೆಮ್ಮದಿಯಾಗಿ ಕೂತಿರುವಂತಾಗಲಿ ಎಂದು ನಮ್ಮ ಕುಟುಂಬದ ಹಾರೈಕೆ."

ಇದನ್ನು ಬರೆಯುವಾಗ ಅವಳು ಕೂತದ್ದು ಅದೇ ಕುರ್ಚಿಯಲ್ಲಿ. ಸ್ಥಾಪಕ ನಿಂತೇ ಎರಡು ಸಲ ಓದಿದ. "ಮೇಡಂ, ನೀವು ಈ ಸಂಸ್ಥೆಯ ದನಿ!"

ಆ ಮಾತು ಅವಳ ತಲೆಗೇರಿತು. ಮೂರು ತಿಂಗಳಾಯಿತು, ಪತ್ರ ಕೇಳಿದರೆ, ಇನ್ನು ಮೂರು ತಿಂಗಳು ಎಂದ. ಜೊತೆಗೆ ಹೊಸ ಜವಾಬ್ದಾರಿಯೊಂದನ್ನು ಕೊಟ್ಟ: ಜಗತ್ತಿನಲ್ಲಿ ಬರಬಹುದಾದ ಎಲ್ಲ ಬಗೆಯ ದೂರಿಗೂ ಒಂದೊಂದು ಉತ್ತರ ಬರೆದಿಡಬೇಕು. ಮೈಕಕ್ಕ ಮನೆಗೂ ಕೆಲಸ ತಂದಳು. ಕೂದಲು ಸಿಕ್ಕ ಊಟಕ್ಕೆ ಒಂದು ಉತ್ತರ, ಕುಗ್ಗಿದ ಅಂಗಿಗೆ ಒಂದು, ತಪ್ಪು ಹಲ್ಲು ಕಿತ್ತದ್ದಕ್ಕೆ ಮೂರು.

ಗಂಡ ನೋಡಿದ. "ಸ್ಪಂಜಿನ ಕೋಣೇಲೂ ಹಿಂಗೇ ಅಲ್ವೇನೇ ಓದಿಸ್ಕೊಂಡಿದ್ದು?"

"ಅದು ಓದೋದು ರೀ. ಇದು ಬರೆಯೋದು. ತಲೆ ಬೇಕು ಇದಕ್ಕೆ."

"ಸರಿ ತಾಯಿ. ಆಗ ಗಂಟಲು ಕೊಟ್ಟೆ, ಈಗ ತಲೆ ಕೊಡು."

ಅವಳು ಕೆಲಸ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕೂತಳು.

ಆರನೇ ತಿಂಗಳ ಕೊನೆಗೆ ಉತ್ತರಗಳು ಮುನ್ನೂರ ನಲವತ್ತಾದವು. ಸ್ಥಾಪಕ ಕರೆದಾಗ ಅವಳು ನೀಲಿ ಫೈಲನ್ನು ಕೈಯಲ್ಲಿ ಹಿಡಿದೇ ಹೋದಳು. ಅವನು ಎದ್ದು ನಿಂತು, ಕಿಟಕಿಯ ಕಡೆ ತಿರುಗಿ, ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ. ಇನ್ನು ಮುಂದೆ ಆ ಉತ್ತರಗಳನ್ನು ಕಂಪ್ಯೂಟರೇ ಆರಿಸಿ ಕಳಿಸುತ್ತದಂತೆ. ಇಡೀ ಕುಟುಂಬಕ್ಕೇ ಅವಳ ಋಣವಂತೆ.

"ಹಾಗಾದ್ರೆ ನಾನು ಸರ್?"

"ನೀವು ಹೋದ್ರೂ ಇಲ್ಲೇ ಇರ್ತೀರ ಮೇಡಂ."

ಕೊಟ್ಟದ್ದು ಪ್ರಮಾಣಪತ್ರ. ಬಂಗಾರದ ಬಣ್ಣದ ಅಂಚು. ಫೈಲಿಗಿಂತ ಎರಡು ಬೆರಳು ಅಗಲ ಇದ್ದದ್ದರಿಂದ ಒಳಗೆ ಹೋಗಲಿಲ್ಲ.

ಅವತ್ತು ಮೈಕಕ್ಕ ಎಷ್ಟೋ ತಿಂಗಳ ಮೇಲೆ ನಿಲ್ದಾಣಕ್ಕೆ ಹೋದಳು. ಗಂಡನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಸುರುಳಿ ಸುತ್ತಿದ ಪ್ರಮಾಣಪತ್ರವನ್ನು ಕಂಕುಳಲ್ಲಿ ಒತ್ತಿಕೊಂಡು, ಫೋನಿನಲ್ಲಿ ಆ ಸಂಸ್ಥೆಯ ಪುಟ ತೆರೆದು ಒಂದೇ ನಕ್ಷತ್ರ ಒತ್ತಿದಳು. ಕುರ್ಚಿ, ರಟ್ಟು, ಪತ್ರ, ಮುನ್ನೂರ ನಲವತ್ತು ಎಲ್ಲವನ್ನೂ ಬರೆದಳು. ನಯ ಗಿಯ ಇಲ್ಲ. ಬಾಯಿಗೆ ಬಂದ ಹಾಗೆ.

ಗಂಡ ಕೈಯಲ್ಲಿದ್ದ ಗಡಿಯಾರದ ಬೆನ್ನು ಮುಚ್ಚುವಷ್ಟರಲ್ಲಿ ಉತ್ತರ ಬಂತು.

"ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ. ಅಂಥ ಕುರ್ಚಿ ನಮ್ಮಲ್ಲಿಲ್ಲ..."

ಅವಳು ಕೊನೆಯವರೆಗೂ ಓದಿದಳು. ಎಲ್ಲೂ ತಪ್ಪು ಒಪ್ಪಿಕೊಂಡಿಲ್ಲ, ಎಲ್ಲೂ ಸಿಟ್ಟಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ಕುರ್ಚಿ ನಿಜಕ್ಕೂ ವಾಲುತ್ತಿತ್ತೋ ಇಲ್ಲವೋ ಎಂದು ಅವಳಿಗೇ ಒಂದು ಗಳಿಗೆ ಅನುಮಾನವಾಯಿತು.

"ಏನಂತೆ?" ಎಂದ ಗಂಡ.

"ಚೆನ್ನಾಗಿ ಬರೆದಿದಾರೆ ರೀ" ಎಂದಳು.

ಗಂಡ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರು ಕೆಮ್ಮಿ, ಅವಳದೇ ದನಿಯಲ್ಲಿ, ಬಸ್ಸು ನಲವತ್ತು ನಿಮಿಷ ತಡವಾಗಿ ಬರಲಿದೆ, ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು ಎಂದು ಕೇಳಿಕೊಂಡಿತು. ಕಾಯುತ್ತಿದ್ದವರಲ್ಲಿ ಯಾರೋ, "ಥೂ, ಇವಳ ಬಾಯಿಗಿಷ್ಟು ಮಣ್ಣು ಹಾಕ" ಎಂದರು.

ಮನೆಗೆ ಹೋಗಬೇಕಾದ ಬಸ್ಸು ಅದೇ. ಗಂಡ ಸ್ಟೂಲನ್ನು ಗೋಡೆಗೆ ಸರಿಸಿಕೊಟ್ಟ. ಮೈಕಕ್ಕ ಬೆನ್ನು ಒರಗಿಸಿ ಕೂತಳು. ಅಭ್ಯಾಸಬಲ, ಬಲಗಾಲನ್ನು ನೆಲಕ್ಕೆ ಒತ್ತಿಕೊಂಡು.