ಭೀಮಬಾಯಿ ಬರೆದ ಇಂಗ್ಲಿಷ್ ವಾಕ್ಯ

"ಯಾವ ಮಂದಿರಿ ನೀವು?"

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದಲ್ಲಿ ಬಸ್ಸು ಬದಲಿಸಿ, ಸುರಪುರದ ಕಡೆಯ ಈ ಊರಿಗೆ ಬಂದಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಖೋಲಿ, ಅಂದರೆ ಬಾಡಿಗೆಗೆ ಒಂದು ಕೋಣೆ, ಸಿಗುತ್ತದೆಯೇ ಎಂದು ಕೇಳಿದ್ದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಹೆಸರನ್ನೂ ಕೇಳದೆ ನೇರ ಜಾತಿ ಕೇಳಿದಳು. ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಮೈಸೂರಿನಲ್ಲಿ ಯಾರೂ ಹೀಗೆ ಕೇಳುವುದಿಲ್ಲ ಎಂದು ಅವತ್ತು ಅಮ್ಮನಿಗೆ ಫೋನಿನಲ್ಲಿ ದೂರಿಕೊಂಡೆ. ಕೇಳುವುದಿಲ್ಲ, ನಿಜ. "ನೀವು ವೆಜಿಟೇರಿಯನ್ನಾ?" ಎಂದು ನಗುನಗುತ್ತಾ ವಿಚಾರಿಸಿ, ಕಾಫಿ ಕೊಟ್ಟು, ಯಜಮಾನರನ್ನು ಕೇಳಿ ಹೇಳುತ್ತೇವೆ ಎಂದು ಸಾಗಹಾಕುತ್ತೇವೆ. ಎರಡೂ ಒಂದೇ ಎಂದು ನನ್ನ ತಲೆಗೆ ಹೋಗಲು ಒಂದೂವರೆ ವರ್ಷ ಬೇಕಾಯಿತು.

ಊರಿನ ಹೆಸರು ಬರೆಯುತ್ತಿಲ್ಲ. ನಾನಿನ್ನೂ ಇಲ್ಲೇ ಇದ್ದೇನೆ.

ಒಂಟಿ ಹೆಂಗಸಿಗೆ ಖೋಲಿ ಕೊಡಲು ನಾಲ್ಕು ಮನೆಯವರು ಒಪ್ಪಲಿಲ್ಲ. ಕೊನೆಗೆ ಕೊಟ್ಟವರು ಮಲ್ಲನಗೌಡರು. ನಾನು ಇಂಗ್ಲಿಷ್ ಕಲಿಸುವ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅವರೇ ಅಧ್ಯಕ್ಷರು. ಊರಿನ ಅರ್ಧ ಹತ್ತಿಹೊಲ ಅವರದು, ಬಸ್ಸು ನಿಲ್ಲುವಲ್ಲಿನ ಚಹಾದಂಗಡಿ ಅವರ ತಮ್ಮನದು. ಖೋಲಿಗೆ ಒಳಗಿನಿಂದ ಗಟ್ಟಿ ಚಿಲಕವಿತ್ತು, ಬಾಗಿಲಿಗೇ ನಲ್ಲಿ ನೀರು ಬರುತ್ತಿತ್ತು. ನಾಲ್ಕು ಕಡೆ ಇಲ್ಲ ಎನ್ನಿಸಿಕೊಂಡು ಬಂದವಳಿಗೆ ಆ ಚಿಲಕ ಎಷ್ಟು ದೊಡ್ಡದೆಂದು ನಿಮಗೆ ಹೇಳಿ ತಿಳಿಸಲಾರೆ.

ಇಲ್ಲಿಯವರ ಮಾತಿಗೆ ಒಗ್ಗಿಕೊಳ್ಳುವುದೇ ಕಷ್ಟವಾಯಿತು. ಗೌಡರ ಹೆಂಡತಿ ನೀಲಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು "ಉಣ್ರಿ" ಎಂದು ಹೊರಟುಬಿಡುತ್ತಿದ್ದರು. ಸ್ವಲ್ಪ, ದಯವಿಟ್ಟು, ಬೇಜಾರಿಲ್ಲದಿದ್ದರೆ, ಎಂಬ ಯಾವ ಹೊದಿಕೆಯೂ ಇಲ್ಲದೆ ಬರಿಮೈಯಲ್ಲಿ ಬರುವ ಕ್ರಿಯಾಪದ. ಮೊದಮೊದಲು ಸಿಟ್ಟೆಂದುಕೊಂಡೆ. ಜ್ವರ ಬಂದು ಮಲಗಿದಾಗ ಅದೇ ನೀಲಮ್ಮ ಮೂರು ದಿನ ಗಂಜಿ ಕಾಯಿಸಿ ತಂದು "ಕುಡೀರಿ" ಎಂದರು. ಸುಮ್ಮನೆ ಕುಡಿದೆ. ಸಾವಕಾಶ ಎಂದರೆ ಇಲ್ಲಿ ನಿಧಾನ, ಲಗೂನ ಎಂದರೆ ಬೇಗ, ಖರೇ ಎಂದರೆ ನಿಜ. ಇಷ್ಟು ಕಲಿಯುವ ಹೊತ್ತಿಗೆ ಭಾನುವಾರ ಒಬ್ಬಳೇ ಕುಳಿತು ಅಳುವುದು ನಿಂತಿತ್ತು.

ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಎಂದರೆ ಗೈಡಿನಿಂದ ಇಳಿಸಿಕೊಳ್ಳುವುದು. ಸುಂದರ ಹಕ್ಕಿಗಳು ಮಧುರವಾಗಿ ಹಾಡುತ್ತವೆ ಎಂದು ಮೂವತ್ತು ಮಕ್ಕಳೂ ಬರೆದು ತಂದಿದ್ದರು. ನಾನು ಹಳೆಯ ಸೀರೆಯೊಂದಕ್ಕೆ ಮೂರು ಸಾಲು ಜೇಬು ಹೊಲಿದು ಗೋಡೆಗೆ ತೂಗುಹಾಕಿದೆ. ಮೊದಲ ಸಾಲಿನಲ್ಲಿ ವಿಶೇಷಣಗಳು: ಎಂಥವರು, ಎಂಥದು. ಎರಡನೆಯದರಲ್ಲಿ ಕ್ರಿಯಾಪದಗಳು: ಏನು ಮಾಡಿದರು. ಮೂರನೆಯದರಲ್ಲಿ ಆ ಕೆಲಸ ಹೇಗೆ, ಎಲ್ಲಿ ನಡೆಯಿತೆಂದು ಹೇಳುವ ಪದಗಳು. ಚೀಟಿ ತೆಗೆದು, ತಮಗೆ ಬೇಕಾದ ನಾಮಪದ ಸೇರಿಸಿ ಜೋಡಿಸಿದರೆ ವಾಕ್ಯ. ಇಂಗ್ಲಿಷಿನಲ್ಲಿ ಕ್ರಿಯಾಪದ ಕೊನೆಗೆ ಬರುವುದಿಲ್ಲ, ಕರ್ತೃವಿನ ಬೆನ್ನಿಗೇ ಬರುತ್ತದೆ ಎಂದು ಮಕ್ಕಳು ಆಡುತ್ತಲೇ ಕಲಿತುಬಿಟ್ಟರು. ಆಮೇಲೆ ನಾನೇ ಹೇಳಿದೆ: ಹಕ್ಕಿ ಸಾಕು, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯಿರಿ. ಬರಿ ಏನು ಮಾಡಿದರು ಎಂದರೆ ಸಾಲದು, ಹೇಗೆ ಎನ್ನುವುದೂ ಬೇಕು.

ಭೀಮಬಾಯಿ ತಂದ ವಾಕ್ಯ ಹೀಗಿತ್ತು: ಮೈ ಟಯರ್ಡ್ ಫಾದರ್ ಕ್ವಾಯೆಟ್ಲಿ ಡ್ರಿಂಕ್ಸ್ ಟೀ ಔಟ್‌ಸೈಡ್. ದಣಿದ ನನ್ನ ಅಪ್ಪ ಹೊರಗೆ ನಿಂತು ಸುಮ್ಮನೆ ಚಹಾ ಕುಡಿಯುತ್ತಾನೆ. ಒಂದು ಪದವೂ ಜಾಗ ತಪ್ಪಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಸಂಜೆ ಅಂಗಳದಲ್ಲಿ ನಿಂತು ಚಹಾ ಹೀರುವ ಅಪ್ಪನನ್ನು ಎಷ್ಟು ಚೆನ್ನಾಗಿ ಕಂಡಿದ್ದಾಳೆ ಎಂದು ಬೆನ್ನು ತಟ್ಟಿದೆ. ಪಾಲಕರ ಸಭೆಯಲ್ಲಿ ನೀನೇ ಓದಬೇಕು ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ತಲೆಯಾಡಿಸಿದಳು.

ಸಭೆಯ ಹಿಂದಿನ ದಿನ ಗೌಡರ ತಮ್ಮನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಭೀಮಬಾಯಿಯ ಅಪ್ಪ ಹಣಮಂತ ಬಂದ. ಗೌಡರ ಹತ್ತಿ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಲಾರಿಗೆ ಹೇರುವ ಹಮಾಲ ಅವನು. ಒಳಗೆ ನಾಲ್ಕು ಬೆಂಚು ಖಾಲಿ ಇದ್ದವು. ಅವನು ಒಳಗೆ ಬರಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಪಕ್ಕದ ಕಿಟಕಿಯಿಂದ ಅವನಿಗೆ ಕಾಗದದ ಕಪ್ಪು ಹೋಯಿತು. ಅವನು ಬೇವಿನ ಮರದ ಕೆಳಗೆ ನಿಂತು ಕುಡಿದ. ನನ್ನ ಕೈಯಲ್ಲಿ ಗಾಜಿನ ಲೋಟ ಇತ್ತು. ಒಂದೂವರೆ ವರ್ಷದಿಂದ ಅದೇ ಬೆಂಚಿನಲ್ಲಿ ಕುಳಿತು ಅದೇ ಕಿಟಕಿಯನ್ನು ನೋಡಿದ್ದೆ, ಕಂಡಿರಲಿಲ್ಲ. ಅವಳ ವಾಕ್ಯದ ಕೊನೆಯ ಪದಕ್ಕೆ ಕೆಂಪು ಶಾಯಿಯಲ್ಲಿ ಶಹಬ್ಬಾಸ್ ಬರೆದವಳು ನಾನು.

ಸಭೆಯ ದಿನ ಬೆಳಿಗ್ಗೆ ಭೀಮಬಾಯಿಯನ್ನು ಪಕ್ಕಕ್ಕೆ ಕರೆದು ಬೇರೆ ವಾಕ್ಯ ಓದುತ್ತೀಯಾ ಎಂದು ಕೇಳಿದೆ.

"ಖರೇ ಇದ್ದದ್ದು ಬರೀರಿ ಅಂತ ನೀವ ಹೇಳಿದ್ರಲ್ರಿ ಟೀಚರ್," ಎಂದಳು.

ಓದಿದಳು. ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ, ಸಾವಕಾಶ ಓದಿದಳು. ಟೀ ಮತ್ತು ಔಟ್‌ಸೈಡ್ ಎರಡೂ ಎಲ್ಲರಿಗೂ ಗೊತ್ತಿರುವ ಪದಗಳು. ಹಿಂದೆ ಕುಳಿತಿದ್ದ ಕೆಲವು ಮಕ್ಕಳು ಕಿಸಕ್ಕೆಂದರು. ಹಣಮಂತ ಬಾಗಿಲ ಬಳಿ ನಿಂತಿದ್ದ, ಅವನು ನೆಲ ನೋಡತೊಡಗಿದ. ಮಲ್ಲನಗೌಡರು ಕುರ್ಚಿಯಲ್ಲಿ ಸರಿದು ಕುಳಿತರು.

"ಅದೇನ್ ಓದಿದಳ್ರಿ ಟೀಚರ್? ಕನ್ನಡದಾಗ ಹೇಳ್ರಿ, ನಮಗೂ ತಿಳೀಲಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ನನಗೆ ಆ ಕ್ಷಣ ನೆನಪಾದದ್ದು ಬಾಗಿಲ ಚಿಲಕ, ಮುಚ್ಚಿದ ನಾಲ್ಕು ಮನೆಯ ಬಾಗಿಲು. ಭೀಮಬಾಯಿ ನನ್ನನ್ನೇ ನೋಡುತ್ತಿದ್ದಳು, ಟೀಚರ್ ಸರಿಯಾಗಿಯೇ ಹೇಳುತ್ತಾರೆಂಬ ಭರವಸೆಯಿಂದ. ನಾನು ಹೇಳಿದೆ: ದಣಿದ ನನ್ನ ಅಪ್ಪ ಹೊರಗಿನ ಕೆಲಸ ಮುಗಿಸಿ ಬಂದು ನೆಮ್ಮದಿಯಾಗಿ ಚಹಾ ಕುಡಿಯುತ್ತಾನೆ.

ಚಪ್ಪಾಳೆ ಬಿತ್ತು. ಗೌಡರೇ ಮೊದಲು ತಟ್ಟಿದರು.

ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು, ಅದು ಅವರ ನಗೆಯಲ್ಲೇ ಇತ್ತು. "ಈಗ ನೀವು ನಮ್ಮೂರವರಾದ್ರಿ ನೋಡ್ರಿ ಟೀಚರ್. ವರ್ಗ ಆಗೂ ತನಕ ಖೋಲಿ ನಿಮ್ದೇ," ಎಂದರು. ಈ ಮಾತು ಕೇಳಲು ನಾನು ಎಷ್ಟು ಹಂಬಲಿಸಿದ್ದೆನೋ! ಗೇಟಿನ ಬಳಿ ಹಣಮಂತ ಕಾಯುತ್ತಿದ್ದ. ಛಲೋ ಮಾಡಿದಿರಿ, ಇಲ್ಲದಿದ್ದರೆ ನಾಳೆಯಿಂದ ನನ್ನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ ಎಂದು ಕೈಮುಗಿದ. ಅದೊಂದು ನೆಪ ನನಗೆ ಸಿಕ್ಕಿತು. ಬಡವನ ಕೂಲಿ ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡು ರಜೆಗೆ ಮೈಸೂರಿನ ರೈಲು ಹತ್ತಿದೆ.

ಮನೆಯಲ್ಲಿ ಅಮ್ಮ ಕಾಫಿ ಕೊಟ್ಟರು. ಹಿಂದೆಯೇ ಮನೆಗೆಲಸದ ಜಯಮ್ಮನನ್ನು ಕರೆದು, "ಕೂತ್ಕೊಂಡು ನಿಧಾನವಾಗಿ ಕುಡಿಯಮ್ಮ," ಎಂದು ಹಿತ್ತಲ ಕಿಟಕಿಯ ಮೇಲಿದ್ದ ಅವಳ ಸ್ಟೀಲ್ ಲೋಟಕ್ಕೆ ಹುಯ್ದರು. ಎಷ್ಟು ಮೆತ್ತಗಿನ ಮಾತು! ಕೂತುಕೊಂಡು, ನಿಧಾನವಾಗಿ, ಅಮ್ಮ. ಜಯಮ್ಮ ಕುಳಿತದ್ದು ಹಿತ್ತಲ ಮೆಟ್ಟಿಲ ಮೇಲೆ, ಆ ಲೋಟ ನಮ್ಮ ಅಡುಗೆಮನೆಯೊಳಗೆ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆ ಊರಿನವರ ಒರಟುತನದ ಬಗ್ಗೆ ಪ್ರತಿ ರಜೆಯಲ್ಲೂ ಇದೇ ಮನೆಯಲ್ಲಿ ಕುಳಿತು ಕಥೆ ಹೇಳಿದ್ದೆನಲ್ಲ ಎಂದು ನನಗೇ ಅಸಹ್ಯವಾಯಿತು. ಅಮ್ಮನಿಗೆ ಏನಾದರೂ ಹೇಳಿದೆನೇ? ಇಲ್ಲ. ಅಲ್ಲೂ ಬಾಯಿ ಬಿಡಲಿಲ್ಲ.

ರಜೆ ಮುಗಿಸಿ ಬಂದಾಗ ಬಸ್ಸಿನಿಂದಿಳಿದ ಕೂಡಲೇ "ನಮ್ಮ ಟೀಚರ್ ಬಂದ್ರು" ಎಂದು ನಾಲ್ಕು ಜನ ಚೀಲ ಹಿಡಿಯಲು ಬಂದರು. ಶಾಲೆಯಲ್ಲಿ ಭೀಮಬಾಯಿ ಪಾಠದಲ್ಲಿದ್ದದ್ದನ್ನು ಮಾತ್ರ ಬರೆಯತೊಡಗಿದ್ದಳು, ಅಕ್ಷರವೂ ತಪ್ಪದೆ. ವಾರವೆಲ್ಲ ನೋಡಿ, ಶನಿವಾರ ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ನಿಮ್ಮಪ್ಪನ ಕೂಲಿ ಹೋಗಬಾರದೆಂದು ಹಾಗೆ ಹೇಳಿದೆ, ಅವನೇ ಬಂದು ಕೈಮುಗಿದ ಎಂದೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ನಮ್ಮಪ್ಪ ಇಲ್ಲೇ ಇರಾಂವರಿ, ಅದಕ್ಕ ಅಂಜ್ತಾನ. ನೀವು ವರ್ಗ ಆಗಿ ಹೋಗೋರು. ನೀವ್ಯಾಕ ಅಂಜಿದ್ರಿ?"

ನಾನೂ ಈಗ ಈ ಊರಿನವಳೇ ಎಂದು ಹೇಳಬಹುದಿತ್ತು. ಯಾರು ನನ್ನನ್ನು ಹಾಗೆ ಕರೆದರು, ಏಕೆ ಕರೆದರು ಎಂಬುದು ಅವಳಿಗೂ ಗೊತ್ತಿತ್ತು. ಅವಳು ಹೋದಳು. ನಾನು ತರಗತಿಯ ಬಾಗಿಲು ಹಾಕಿ, ಎಂದಿನಂತೆ ಗೌಡರ ಮನೆಯ ನನ್ನ ಖೋಲಿಯ ಕಡೆಗೆ ನಡೆದೆ.