ಇನ್ನೊಂದು ಬೆರಳು ಹೊತ್ತು

ಸಂಜೆಯಾಗುತ್ತಲೇ ಧರಣೇಂದ್ರಯ್ಯನವರು ಜಗಲಿಯ ತುದಿಗೆ ಬಂದು, ಬಲಗೈಯನ್ನು ಉದ್ದಕ್ಕೆ ಚಾಚಿ, ಬೆರಳುಗಳನ್ನು ಅಡ್ಡಡ್ಡಲಾಗಿ ಜೋಡಿಸಿ, ಪಡುವಣ ಗುಡ್ಡಕ್ಕೂ ಸೂರ್ಯನಿಗೂ ನಡುವೆ ಹಿಡಿಯುತ್ತಿದ್ದರು. ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ "ಇನ್ನೂ ಮೂರು ಬೆರಳಿದೆ" ಎನ್ನುತ್ತಿದ್ದರು. ಸಾಗರದ ಆ ಬೀದಿಗೆ ಹೊಸದಾಗಿ ಬಂದವರು ಇವರು ಯಾರಿಗೋ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಹಾಗೇ ತಿಳಿದು, ಬೀದಿಯಲ್ಲೇ ನಿಂತು ಕೈ ಮುಗಿದಿದ್ದೆ.

ಇದು ಐವತ್ತರ ದಶಕದ ಮಾತು. ನಾನು ಹುಡುಗಿಯರ ಶಾಲೆಗೆ ಅಕ್ಕೋರಾಗಿ ಸಾಗರಕ್ಕೆ ಬಂದವಳು, ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಊಟ ಅವರ ಜೊತೆಗೇ. ಅವರು ಹೊಸನಗರದ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ಮುಟ್ಟುವಂತಿರಲಿಲ್ಲ. ಅವರ ಹೆಂಡತಿ ಸುನಂದಮ್ಮ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಡಿಸಿದ ತುತ್ತು ಬಾಯಿಗೆ ಹೋಗುವ ಮೊದಲು ಸೂರ್ಯ ಗುಡ್ಡದ ಆಚೆ ಇಳಿದರೆ ತುತ್ತು ತಟ್ಟೆಗೇ ವಾಪಸ್. ಗಂಡ ಉಣ್ಣದೆ ತಾನು ಉಣ್ಣಬಾರದು ಎಂಬುದು ಆಕೆಯದೇ ಇನ್ನೊಂದು ಕಟ್ಟಳೆ. ಹೀಗಾಗಿ ಧರಣೇಂದ್ರಯ್ಯನವರು ತಡಮಾಡಿದ ದಿನ ಇಬ್ಬರಿಗೂ ಬೆಳಗಿನವರೆಗೆ ಉಪವಾಸ. ಅವರು ತಡಮಾಡುವುದು ಅಪರೂಪವೇನಾಗಿರಲಿಲ್ಲ.

ಒಂದು ಬೆರಳೆಂದರೆ ಸುಮಾರು ಕಾಲು ಗಂಟೆ ಹೊತ್ತು. ಈ ಲೆಕ್ಕವನ್ನು ಅವರು ಕಲಿತದ್ದು ಬಸದಿಯಲ್ಲಲ್ಲ, ವಿಮಾನದಲ್ಲಿ. ಬೆಂಗಳೂರಿನಲ್ಲಿ ಓದುವಾಗ ಪುಸ್ತಕ ಬಿಟ್ಟು ವಿಮಾನ ಹಾರಿಸುವುದನ್ನು ಕಲಿತಿದ್ದರು. ಸೂರ್ಯ ಮುಳುಗುವುದರೊಳಗೆ ನೆಲಕ್ಕಿಳಿಯಬೇಕು ಎಂದು ಕಲಿಸಿದಾತ ಈ ಬೆರಳಿನ ಉಪಾಯ ಹೇಳಿಕೊಟ್ಟನಂತೆ. "ನಮ್ಮಮ್ಮ ಹೇಳಿದ್ದೂ ಅದನ್ನೇ, ಅವನು ಹೇಳಿದ್ದೂ ಅದನ್ನೇ. ಅಮ್ಮ ಉಣ್ಣು ಅಂದ್ಲು, ಅವನು ಇಳಿ ಅಂದ" ಎಂದು ನಗುತ್ತಿದ್ದರು. ಪೇಟೆಯಲ್ಲಿ ಅವರದೊಂದು ಬಟ್ಟೆ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದುದು ತಮ್ಮ. ಇವರು ವರ್ಷಕ್ಕೊಮ್ಮೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಆಸೆ ತೀರುವಷ್ಟು ಹಾರಿ, ಖುಷಿಯಿಂದ ವಾಪಸಾಗುತ್ತಿದ್ದರು. ಮೇಲಿಂದ ಏನು ಕಾಣುತ್ತದೆ ಎಂದು ಅಂಗಡಿಗೆ ಬಂದವರು ಕೇಳಿದರೆ, "ನಮ್ಮೂರಲ್ಲಿ ಮೇಲೆ ನೋಡಿದ್ರೆ ಮೋಡ, ಅಲ್ಲಿ ಕೆಳಗೆ ನೋಡಿದ್ರೂ ಮೋಡ" ಎಂದು ಸೀರೆ ಮಡಿಸುತ್ತಾ ಕೂರುತ್ತಿದ್ದರು. ಸುನಂದಮ್ಮನನ್ನು ಒಮ್ಮೆಯಾದರೂ ಹತ್ತಿಸಬೇಕೆಂದು ಎಷ್ಟೋ ಗೋಗರೆದರಂತೆ. ಆಕೆ ಜಪ್ಪಯ್ಯ ಅನ್ನಲಿಲ್ಲ.

ಒಂದು ವರ್ಷ ಬೆಂಗಳೂರಿಗೆ ಹೋದಾಗ ಪರೀಕ್ಷೆ ಮಾಡಿದ ಡಾಕ್ಟರು ಕಣ್ಣು ಸಾಲದು, ಇನ್ನು ಹಾರುವಂತಿಲ್ಲ ಎಂದರು. ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಅಲ್ಲೇ ಒಂದು ಕ್ಯಾಮೆರಾ ಕೊಂಡು ರೈಲು ಹತ್ತಿ ಬಂದರು. ದೂರದ್ದು ಕಾಣದಿದ್ದರೆ ಹತ್ತಿರದ್ದನ್ನು ನೋಡೋಣ ಎಂಬುದು ಅವರ ವಾದ.

ಆ ಕ್ಯಾಮೆರಾ ಹೊತ್ತು ನಮ್ಮನ್ನು ಒಮ್ಮೆ ಆಗುಂಬೆಗೆ ಕರೆದೊಯ್ದರು. ಸುನಂದಮ್ಮ ಬುತ್ತಿ ಕಟ್ಟಿಕೊಂಡಿದ್ದರು. ಸೂರ್ಯ ಮುಳುಗುವುದನ್ನು ನೋಡಲು ಘಟ್ಟದ ಅಂಚಿನಲ್ಲಿ ಜನ ಸೇರಿತ್ತು. ಎಲ್ಲರೂ ಪಡುವಣಕ್ಕೆ ಮುಖ ಮಾಡಿದ್ದರೆ ಇವರೊಬ್ಬರು ಸೂರ್ಯನಿಗೆ ಬೆನ್ನು ಹಾಕಿ, ನೋಡುತ್ತಿದ್ದವರ ಮುಖಗಳ ಫೋಟೋ ಹಿಡಿಯುತ್ತಾ ನಿಂತರು. ಬಂದದ್ದೇ ಸೂರ್ಯನಿಗಾಗಿ ಅಲ್ಲವೇ ಎಂದು ಕೇಳಿದೆ. "ಅವನು ನಾಳೆನೂ ಬರ್ತಾನೆ ಅಕ್ಕೋರೇ. ಈ ಅಜ್ಜಿ ಮುಖದ ಮೇಲೆ ಈ ಬೆಳಕು ನಾಳೆ ಬರ್ತದಾ?" ಎಂದರು. ಸುನಂದಮ್ಮ ಬುತ್ತಿ ಹಿಡಿದುಕೊಂಡು ಅವರ ಹಿಂದೆ ಸುತ್ತಿದ್ದೇ ಬಂತು. ಸೂರ್ಯ ಮುಳುಗಿದ. ಬುತ್ತಿ ಬಸ್ಸಿನ ಡ್ರೈವರಿಗೂ ನನಗೂ ಸೇರಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ರುಚಿಯಾದ ಚಿತ್ರಾನ್ನವನ್ನು ನಾನು ಮತ್ತೆ ತಿಂದಿಲ್ಲ. ಎದುರಿಗೆ ಆಕೆ ಹಸಿದು ಕೂತಿದ್ದರು. ಅವರು ತೆಗೆದ ಫೋಟೋಗಳಲ್ಲೆಲ್ಲ ಸುನಂದಮ್ಮ ಮಸುಕು ಮಸುಕು. ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯಲು ಆಕೆ ಬಾಯಿ ತೆರೆದಿರುತ್ತಿದ್ದರು.

ಕಣ್ಣು ಇನ್ನಷ್ಟು ಮಂಜಾಯಿತು. ಕ್ಯಾಮೆರಾ ಪೆಟ್ಟಿಗೆ ಸೇರಿತು. ಜಗಲಿಗೆ ಸಾಣೆ ಬಂತು. ತೀರ್ಥಹಳ್ಳಿಯ ಹೊಳೆಯಲ್ಲಿ ಆರಿಸಿ ತಂದ ಬೆಣಚುಕಲ್ಲುಗಳನ್ನು ಅರಗಿನಿಂದ ಕೋಲಿನ ತುದಿಗೆ ಅಂಟಿಸಿ, ಒಂದು ಕೈಯಲ್ಲಿ ಬಿಲ್ಲಿನಿಂದ ಸಾಣೆ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಕಲ್ಲು ಒತ್ತುತ್ತಾ, ಅದು ಹೊಳೆಯುವಂತೆ ಸುತ್ತಲೂ ಚಪ್ಪಟೆ ಮುಖಗಳನ್ನು ಕೊರೆಯುತ್ತಿದ್ದರು. ಮನೆಯ ತುಂಬ ಕಲ್ಲೇ ಕಲ್ಲು. ಅನ್ನದಲ್ಲೂ ಹರಳು ಸಿಕ್ಕೀತೆಂದು ನಾನು ಮೆಲ್ಲಗೆ ಅಗಿಯುತ್ತಿದ್ದೆ. ಕೆಲಸ ಕಣ್ಣಿನದಲ್ಲ, ಕಿವಿಯದು ಎನ್ನುತ್ತಿದ್ದರು. ಕಲ್ಲು ಮೊದಲು ಗರಗರ ಅನ್ನುತ್ತದೆ, ಮುಖ ಸಮವಾದ ಹಾಗೆ ದನಿ ಸಣ್ಣಗಾಗುತ್ತದೆ, ಆಗ ನಿಲ್ಲಿಸಬೇಕು. ಕೊನೆಗೆ ನುಣುಪು ತಿಳಿಯಲು ಕಲ್ಲನ್ನು ಕೆಳತುಟಿಗೆ ತಾಗಿಸಿ ನೋಡುತ್ತಿದ್ದರು.

ಸುನಂದಮ್ಮನ ಮೂಗುಬೊಟ್ಟಿನಲ್ಲಿ ಒಂದೇ ಒಂದು ಕೆಂಪು ಕಲ್ಲಿತ್ತು. ತೀರಿಹೋದ ತಾಯಿ ಕೊಟ್ಟದ್ದು. ತಾಯಿಯದೆಂದು ಆಕೆಗೆ ಉಳಿದದ್ದೂ ಅದೊಂದೇ. ಅಂಚು ಮುಕ್ಕಾಗಿ, ಹೊಳಪು ಹೋಗಿ, ಒಣಗಿದ ಕುಂಕುಮದ ಹಾಗೆ ಕಾಣುತ್ತಿತ್ತು. ಕೊಡು, ಹೊಸ ಮುಖ ಕೊರೆದು ಕೊಡುತ್ತೇನೆ ಎಂದು ಇವರು ಕೇಳದ ದಿನವಿಲ್ಲ. ಒಂದು ಗೆರೆ ತಪ್ಪಿದರೆ ಕಲ್ಲು ಒಡೆಯುತ್ತದೆ, ಮುತ್ತೈದೆ ಮೂಗು ಬೋಳು ಬಿಡಬಾರದು ಎಂದು ಆಕೆ ಕೊಡದ ದಿನವೂ ಇಲ್ಲ. ನನಗಂತೂ ಆಕೆ ಹೇಳುವುದೇ ಸರಿ ಅನ್ನಿಸುತ್ತಿತ್ತು.

ಶಿವಮೊಗ್ಗದ ಕಣ್ಣಿನ ಡಾಕ್ಟರು ನರವೇ ಸೊರಗುತ್ತಿದೆ, ಔಷಧಿಯಿಲ್ಲ ಎಂದು ಹೇಳಿ ಕಳಿಸಿದ ಮರುದಿನ, ಸುನಂದಮ್ಮ ಸ್ನಾನ ಮುಗಿಸಿ ಜಗಲಿಗೆ ಬಂದರು. ಮೂಗಿನ ತೂತಿನಲ್ಲಿ ಬೇವಿನ ಕಡ್ಡಿಯ ಚೂರು. ಗಂಡನ ಅಂಗೈ ಬಿಡಿಸಿ ಮೂಗುಬೊಟ್ಟು ಇಟ್ಟರು.

"ವಿಮಾನ ಹತ್ತಲಿಲ್ಲ. ಫೋಟೋಕ್ಕೆ ಸರಿಯಾಗಿ ನಿಲ್ಲಲಿಲ್ಲ. ಇದೊಂದಾದ್ರೂ ಮಾಡಿ."

ಧರಣೇಂದ್ರಯ್ಯನವರು ಕಲ್ಲಿನ ಮುಕ್ಕಾದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಕಲ್ಲನ್ನು ಕೋಲಿಗೆ ಅಂಟಿಸಲು ಕುಳಿತರು. ಆಕಾಶದಲ್ಲಿ ಹೆದರದವರು ಅಂದು ಅರಗನ್ನು ಮೂರು ಸಲ ಕರಗಿಸಿ ಮತ್ತೆ ಮತ್ತೆ ಅಂಟಿಸಿದರು.

ಕೆಲಸ ಎಷ್ಟೋ ದಿನ ಎಳೆಯಿತು. ಅಷ್ಟರಲ್ಲಿ ಅವರಿಗೆ ಬೆಳಕಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು, ಎಷ್ಟಿದೆ ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಸಂಜೆ ಬೆರಳಿಟ್ಟು ನೋಡುವ ಕೆಲಸ ಸುನಂದಮ್ಮನಿಗೆ ಬಂತು. ಇಷ್ಟು ವರ್ಷ ಆ ಕೈ ಚಾಚುವಿಕೆಯನ್ನು ಆಡಿಕೊಂಡವರು ಈಗ ತಾವೇ ಜಗಲಿಯ ತುದಿಯಲ್ಲಿ ನಿಂತು ಎರಡು ಬೆರಳು, ಒಂದು ಬೆರಳು ಎಂದು ಕೂಗುತ್ತಿದ್ದರು. ಒಂದು ಅಂದ ಕೂಡಲೇ ಸಾಣೆ ನಿಲ್ಲಬೇಕು, ಊಟಕ್ಕೆ ಏಳಬೇಕು. ಒಂದು ದಿನವೂ ಆಕೆ ಲೆಕ್ಕದಲ್ಲಿ ಸಡಿಲ ಬಿಡಲಿಲ್ಲ.

ನನಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು. ಹೊರಡುವ ಹಿಂದಿನ ಸಂಜೆ ಕಲ್ಲಿನ ಕೊನೆಯ ಮುಖ ಬಾಕಿಯಿತ್ತು. ಅಂದು ಸುನಂದಮ್ಮ ಮೂರು ಅಂದರು, ಎರಡು ಅಂದರು, ಆಮೇಲೆ ಕೂಗಲೇ ಇಲ್ಲ. ಕಂಬಕ್ಕೆ ಒರಗಿ ಸಾಣೆಯನ್ನೇ ನೋಡುತ್ತಾ ಕೂತುಬಿಟ್ಟರು. ದನಿ ಗರಗರದಿಂದ ಸಣ್ಣಗಾಗುತ್ತಾ ಬಂತು. ಸೂರ್ಯ ಗುಡ್ಡದ ಆಚೆ ಇಳಿದ. ಧರಣೇಂದ್ರಯ್ಯನವರು ಬಿಲ್ಲು ಕೆಳಗಿಟ್ಟು, ಕಲ್ಲನ್ನು ತುಟಿಗೆ ತಾಗಿಸಿ, "ಆಯ್ತು" ಎಂದರು. ಆಮೇಲೆ ಥಟ್ಟನೆ ನೆನಪಾದವರಂತೆ ಕೇಳಿದರು.

"ಎಷ್ಟು ಬೆರಳಿದೆ?"

ಸುನಂದಮ್ಮ ಎದ್ದು ಖಾಲಿ ಗುಡ್ಡದ ಕಡೆಗೆ ಕೈ ಚಾಚಿದರು.

"ಇನ್ನೊಂದು ಬೆರಳಿದೆ. ಕೈ ತೊಳ್ದು ಬನ್ನಿ."

ಹೇಳಿ ನನ್ನ ಮುಖ ನೋಡಿದರು. ಸುಳ್ಳು ಹೇಳಬಾರದೆಂದು ದಿನಾ ಮಕ್ಕಳಿಗೆ ಪಾಠ ಹೇಳುವ ನಾನು ತುಟಿಪಿಟಕ್ಕೆನ್ನಲಿಲ್ಲ. ಆಕೆ ದೀಪ ಹಚ್ಚಲಿಲ್ಲ. ಆ ಮಬ್ಬಿನಲ್ಲೇ ತಡಕಾಡಿ ಬಡಿಸಿದರು. ತಮಗೆ ಹಾಕಿಕೊಳ್ಳದೆ ಬರೀ ತಟ್ಟೆಯ ಸದ್ದು ಮಾಡಿದರು. ಸೂರ್ಯನನ್ನು ಆಕೆ ನಿಲ್ಲಿಸಿದ್ದರು, ಸೊಳ್ಳೆಗಳನ್ನು ನಿಲ್ಲಿಸಲಾಗಲಿಲ್ಲ. ಧರಣೇಂದ್ರಯ್ಯನವರು ಕಾಲು ಕೆರೆದುಕೊಳ್ಳುತ್ತಾ, ಎರಡು ಸಲ ಅನ್ನ ಕೇಳಿ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡರು.

ಮುಂದಿನ ರಜೆಯಲ್ಲಿ ನಾನು ಸಾಗರಕ್ಕೆ ಹೋಗುವ ಮೊದಲೇ ಅವರು ತೀರಿಹೋದರು. ನಾನು ಹೊರಟದ್ದು ನಸುಕಿನ ಬಸ್ಸಿಗೆ, ಅವರಿನ್ನೂ ಎದ್ದಿರಲಿಲ್ಲ. ಹಾಗಾಗಿ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಆ ಸಂಜೆ ಬಚ್ಚಲಲ್ಲಿ ಆಡಿದ್ದು. ಉಂಡೆದ್ದವರ ಕೈಗೆ ನೀರು ಹಾಕುತ್ತಿದ್ದೆ. ಮೆಲ್ಲಗೆ ನನ್ನ ಕಡೆ ಬಾಗಿ ಹೇಳಿದರು.

"ಇವತ್ತಿನ ಬೆರಳು ಸ್ವಲ್ಪ ದಪ್ಪ ಇತ್ತು ಅಕ್ಕೋರೇ. ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಿ."

ನಾನು ಹೇಳಲಿಲ್ಲ.